ಲಾರಿ ಬಂತೆಂದರೆ ಜುಂಜಯ್ಯ
ಹಿರಿಯೂರಿನ ಹೆದ್ದಾರಿ ಪಕ್ಕದ ಪಾರ್ಸೆಲ್ ಗೋದಾಮಿನಲ್ಲಿ ಹಮಾಲಿ ಮಾಡುವ ಜುಂಜಯ್ಯನಿಗೆ ಲಾರಿ ಕಂಡರೆ ಸಾಕು, ಮದುವೆ ದಿಬ್ಬಣ ಬಂದಷ್ಟು ಸಡಗರ. ಕುರಿ ಕಾಯ್ದ ಕೈಯಲ್ಲವೇ, ಇಳಿಸಿದ ಪ್ರತಿ ಪೆಟ್ಟಿಗೆಯ ಬೆನ್ನು ತಟ್ಟಿ "ಸುಸ್ತಾತೇನವ್ವ?" ಎಂದು ವಿಚಾರಿಸುತ್ತಾನೆ. ಚಹಾದಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೆಲಸ ಹಂಚುತ್ತಾನೆ: "ಹೊಳಲ್ಕೆರೇಲೂ ಗೋದಾಮು ಏಳ್ತೈತೆ, ಹೊಸದುರ್ಗದಾಗೂ ಏಳ್ತೈತೆ, ಯಾರೂ ಊರು ಬಿಡಬ್ಯಾಡ್ರಲೇ!" "ಅದಿರ್ಲಿ, ನಿಮ್ಮನ್ನ ಕಾಯಂ ಮಾಡೋಕೆ ಯಾವಾಗ ಕರೀತಾರಂತೆ?" ಎಂದು ಮನೆಯಲ್ಲಿ ಊಟಕ್ಕೆ ಬಡಿಸುತ್ತ ಹೆಂಡತಿ ಜಯಕ್ಕ ಕೆಣಕಿದರೆ, "ನಾಳೆ ಕಣೇ!" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾನೆ. ಅವನ ಆ ನಾಳೆಗೆ ಈಗ ಆರು ವರ್ಷ. ಸಂಜೆ ಬಾಗಿಲು ಹಾಕುವಾಗ ವಾರಸುದಾರರು ಬಾರದ ಪೆಟ್ಟಿಗೆಯೊಂದು ಮೂಲೆಯಲ್ಲಿ ಉಳಿದಿದ್ದರೆ, ಅದನ್ನು ಎತ್ತಿ ಬೇರೆ ಪೆಟ್ಟಿಗೆಗಳ ನಡುವೆ ಇಟ್ಟು ಮೆಲ್ಲಗೆ ಹೇಳುತ್ತಾನೆ: "ಇರವ್ವ, ನಿನ್ನೂ ಕರೀತಾರೆ, ನನ್ನೂ ಕರೀತಾರೆ."