ಗಾಜನೂರಿನಲ್ಲಿ ತೆಗೆದ ಚಿತ್ರ

ಲತಾ, ಆ ಚಿತ್ರ ಇತ್ತು. ‘ಅಂಥ ಚಿತ್ರವೇ ಇಲ್ಲ’ ಎಂದು ಪರೀಕ್ಷಕರ ಮುಂದೆ ನಾನು ಹೇಳಿದ್ದು ಸುಳ್ಳು — ಬಾಯಿತಪ್ಪಿ ಬಂದದ್ದಲ್ಲ, ಹಿಂದಿನ ದಿನವೇ ಅದನ್ನು ಅಳಿಸಿ, ಸಿದ್ಧಳಾಗಿ ಬಂದು ಹೇಳಿದ ಸುಳ್ಳು.

ಶಿವಮೊಗ್ಗದ ಕಾಲೇಜಿನಲ್ಲಿ ನಾವಿಬ್ಬರೂ ಕೂಡಿ ಮಾಡಿದ ಪ್ರಾಜೆಕ್ಟ್ ಅದು. ಒಂದೇ ಜಾಗದಲ್ಲಿ ತೆಗೆದ ಹಲವು ಚಿತ್ರಗಳಲ್ಲಿ ಒಂದನ್ನು ಪೂರ್ತಿ ಇಟ್ಟುಕೊಂಡು, ಉಳಿದವುಗಳಲ್ಲಿ ಬದಲಾದಷ್ಟನ್ನು ಮಾತ್ರ ಉಳಿಸಿ, ಕಂಪ್ಯೂಟರಿನಲ್ಲಿ ಕಡಿಮೆ ಜಾಗ ಹಿಡಿಯುವಂತೆ ಎಲ್ಲವನ್ನೂ ಕುಗ್ಗಿಸಿಡುವುದು. ಕುಗ್ಗಿದ ಚಿತ್ರ ಮೂಲಕ್ಕೆ ಎಷ್ಟು ಹತ್ತಿರವಿದೆ ಎಂದು ಒಂದು ಸೂತ್ರ ಅಂಕ ಕೊಡುತ್ತಿತ್ತು. ಗಾಜನೂರಿನ ಅಣೆಕಟ್ಟೆಯ ಚಿತ್ರ ತೆಗೆಯಲು ಹೋದ ದಿನ ನಿನ್ನ ಅಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಭದ್ರಾವತಿಯಿಂದ ಬಂದಿದ್ದರು, ಕ್ಯಾಮೆರಾ ಸ್ಟ್ಯಾಂಡ್ ಹೊರಲಿಕ್ಕೆ. ಒಂದು ಚಿತ್ರದ ಮೂಲೆಯಲ್ಲಿ ಅವರೂ ಸಿಕ್ಕಿಬಿದ್ದರು. ಕುಗ್ಗಿಸಿ ಮತ್ತೆ ತೆರೆದಾಗ — ಅಂಗಿ ಇತ್ತು, ಕೈಯಿತ್ತು. ಮುಖವಿರಬೇಕಾದಲ್ಲಿ, ಪೂರ್ತಿ ಇಟ್ಟುಕೊಂಡಿದ್ದ ಚಿತ್ರದ ಬರೀ ಕಲ್ಲುಗೋಡೆ.

“ಅಪ್ಪನ ಮುಖ ಎಲ್ಲೇ?” ಎಂದು ಕೇಳಿದೆ ನೀನು.

“ಸ್ಕೋರ್ ನೋಡು ಮಾರಾಯ್ತಿ, ಎಷ್ಟ್ ಚೆನ್ನಾಗಿ ಬಂದಿದೆ!”

ನಿಜ, ಚೆನ್ನಾಗಿಯೇ ಬಂದಿತ್ತು. ಇಡೀ ಚಿತ್ರದ ಸರಾಸರಿಯಲ್ಲಿ ಒಂದು ಮುಖ ಎಷ್ಟರದ್ದು? ಇದನ್ನು ವರದಿಯಲ್ಲಿ ಬರೆಯಲೇಬೇಕು ಎಂದು ನೀನು ಹಟ ಹಿಡಿದೆ. ಬರೆದರೆ ನಮ್ಮ ವಿಧಾನ ಸೋತಂತೆ — ನನಗೋ, ಕಾಲೇಜಿನಲ್ಲಿ ಖಾಲಿಯಿದ್ದ ಉಪನ್ಯಾಸಕಿಯ ಹುದ್ದೆಯ ಮೇಲೆ ಕಣ್ಣು.

ದೋಷವೇನಾದರೂ ಕಂಡಿತೇ ಎಂದು ಪರೀಕ್ಷಕರು ಕೇಳಿದಾಗ ನೀನು ಕಂಡದ್ದನ್ನು ಹೇಳಿದೆ. “ತೋರಿಸಿ” ಎಂದರು. ನೀನು ಹುಡುಕಿದೆ, ಮತ್ತೆ ಹುಡುಕಿದೆ, ಕೊನೆಗೆ ನನ್ನ ಕಡೆ ತಿರುಗಿದೆ —

“ಅಂಥ ಚಿತ್ರವೇ ಇಲ್ಲ ಸರ್. ಇವಳಿಗೆ ಏನೋ ಗೊಂದಲ ಆಗಿದೆ.”

ತನ್ನ ಕೆಲಸವೇ ತನಗೆ ಗೊತ್ತಿಲ್ಲದವಳು ಎಂದು ಅವರು ನಕ್ಕರು. ನಾನೂ ನಕ್ಕೆ, ಲತಾ. ಹುದ್ದೆ ನನಗೆ ಸಿಕ್ಕಿತು. ನೀನು ಓದನ್ನೇ ಬಿಟ್ಟು ಭದ್ರಾವತಿಗೆ ಹೋದೆ.

ಮೊನ್ನೆ ಅದೇ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸ್ಕೋರ್ ಚೆನ್ನಾಗಿದ್ರೆ ಚಿತ್ರಾನೂ ಚೆನ್ನಾಗಿದೆ ಅಂತ ತಾನೇ ಮೇಡಂ?” ಎಂದಳು. ಅಲ್ಲ ಎಂದೆ. ನಿನ್ನ ಹೆಸರು ಹಿಡಿದು, ನನ್ನ ಹೆಸರು ಹಿಡಿದು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸಂಜೆಯೊಳಗೆ ವಿಭಾಗದ ಮುಖ್ಯಸ್ಥರು ಕರೆಸಿದರು.

“ಹಳೇದನ್ನ ಯಾಕೆ ಕೆದಕ್ತೀರಿ ಮೇಡಂ? ಆ ಹುಡುಗೀನೇ ಸುಮ್ಮನಿದ್ದಾಳೆ.”

“ಅವಳು ಸುಮ್ಮನಾಗಿದ್ದಲ್ಲ ಸರ್. ನಾನು ಬಾಯಿ ಮುಚ್ಚಿಸಿದ್ದು.”

“ಕೆಲಸಕ್ಕೇ ಕುತ್ತು ಬರುತ್ತೆ, ಯೋಚ್ನೆ ಮಾಡಿ.”

“ಬರ್ಲಿ ಬಿಡಿ.”

ಆ ವರದಿಯನ್ನು ಹಿಂತೆಗೆದುಕೊಳ್ಳಿ ಎಂದು ಬರೆದುಕೊಟ್ಟೇ ಎದ್ದು ಬಂದೆ. ಆಗ ಚಿಕ್ಕ ವಯಸ್ಸು, ಮನೆಯಲ್ಲಿ ಕಷ್ಟವಿತ್ತು ಎಂದೆಲ್ಲ ಹೇಳಬಹುದು — ಹೇಳುವುದಿಲ್ಲ. ನಿನ್ನ ಕ್ಷಮೆಯನ್ನೂ ಕೇಳುವುದಿಲ್ಲ; ಕೇಳಿದರೆ ಅದೂ ನನ್ನ ಅನುಕೂಲಕ್ಕೇ ಆದೀತು.

ಭಾನುವಾರ ಭದ್ರಾವತಿಗೆ ಬರುತ್ತೇನೆ. ‘ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲ’ ಎಂದು ನಿನ್ನ ಅಪ್ಪನ ಎದುರೇ ಹೇಳಬೇಕು. ನೀವು ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು ಹೇಳುತ್ತೇನೆ. ಅಕ್ಕಪಕ್ಕದವರೂ ಕೇಳಿಸಿಕೊಳ್ಳಲಿ.