ಅಡುಗೆಮನೆಯ ಕಂಪ್ಯೂಟರ್, ಮುದ್ದೇಬಿಹಾಳದ ಓಟು

ಕಂಪ್ಯೂಟರನ್ನು ನಾನು ಕಣ್ಣಾರೆ ಕಾಣುವ ಮೊದಲೇ ಇಂಡಿ ಊರಿನ ನಮ್ಮ ಮನೆಯಲ್ಲಿ ಒಂದಿತ್ತು. ಅದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅಡುಗೆಮನೆಯ ಬಾಗಿಲ ಹಿಂದೆ ಕೂತು ಕವಡೆ ಎಸೆದು, ಲೆಕ್ಕ ಮಾಡಿ, ಚುನಾವಣೆಯ ಫಲಿತಾಂಶ ಹೇಳುತ್ತಿತ್ತು.

ಇದು ತುರ್ತು ಪರಿಸ್ಥಿತಿಯ ಕಾಲ. ಆಗಬೇಕಿದ್ದ ಚುನಾವಣೆ ಮುಂದೆ ಹೋಗಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಕೊನೆಯ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತ ಊರಲ್ಲಿದ್ದೆ. ಓದುವಾಗ ನಮ್ಮ ಅಧ್ಯಾಪಕರೊಬ್ಬರು ಹೊರದೇಶದಿಂದ ತಂದಿದ್ದ ಉದ್ದನೆಯ ಅಚ್ಚು ಕಾಗದವನ್ನು ತರಗತಿಯಲ್ಲಿ ಬಿಚ್ಚಿ ತೋರಿಸಿದ್ದರು. ಅಂಚಿಗೆ ಸಾಲಾಗಿ ತೂತುಗಳಿದ್ದವು. ತಿಳಿಹಸಿರು ಗೆರೆಗಳೂ ಇದ್ದವೆಂದು ನೆನಪು, ಆದರೆ ಅವು ನಾನು ಮುಂದೆ ನೌಕರಿಯಲ್ಲಿ ನೋಡಿದ ಕಾಗದಗಳಿಂದ ಬಂದು ಸೇರಿಕೊಂಡಿರಬಹುದು. ಅದರ ಮೇಲೆ ಒಂದು ಆಟ ಅಚ್ಚಾಗಿತ್ತು. ಈ ವಾರ ಎಲ್ಲಿ ಭಾಷಣ ಮಾಡುತ್ತೀ ಎಂದು ಕಂಪ್ಯೂಟರ್ ಕೇಳುತ್ತದೆ. ಆಡುವವನು ಒಂದು ಪ್ರಾಂತ್ಯದ ಹೆಸರು ಕೊಡುತ್ತಾನೆ. ಎಲ್ಲಿ ಎಷ್ಟು ಓಟು ಏರಿತು, ಎಲ್ಲಿ ಇಳಿಯಿತು ಎಂದು ಯಂತ್ರ ಹೇಳುತ್ತದೆ. ಆ ಕಾಗದ ನನ್ನ ತಲೆ ಬಿಟ್ಟು ಹೋಗಲಿಲ್ಲ.

ಮನೆಯಲ್ಲಿ ನನಗಿಂತ ಹೆಚ್ಚು ಚಡಪಡಿಸುತ್ತಿದ್ದವರು ಅಪ್ಪ. ಅವರದು ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ, ಆದರೆ ಜೀವವೆಲ್ಲ ಚುನಾವಣೆಯಲ್ಲಿ. ಯಾರು ಯಾರ ಕಡೆ ವಾಲಿದರು ಎಂದು ಮಾತಾಡದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ವರ್ಷ ಊರ ಕಟ್ಟೆಯ ಮೇಲೆ ಆ ಮಾತೇ ನಿಂತುಹೋಗಿತ್ತು. ಹಾಗಾಗಿ ನಾನು ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ಮನೆ ಬರೆದಾಗ, ಮೊದಲು ಬಂದು ಕುಕ್ಕರುಗಾಲಲ್ಲಿ ಕೂತವರು ಅವರೇ.

"ಏನೋ ಇದು?"

"ಚುನಾವಣಿ ಆಟ. ನೀವು ಒಬ್ಬ ಉಮೇದುವಾರ, ನಾ ಒಬ್ಬ. ವಾರಕ್ಕ ಒಂದ ತಾಲೂಕಿಗಿ ಜೀಪ್ ಒಯ್ಯಬೇಕು. ಎಲ್ಲಿ ಹೊಂಟೀರಿ ಅಂತ ಚೀಟಿ ಬರದು ಕಂಪ್ಯೂಟರಿಗಿ ಕೊಡಬೇಕು."

"ಕಂಪ್ಯೂಟರ್ ಎಲ್ಲೈತಿ?"

"ಅಡಿಗಿಮನ್ಯಾಗ."

ಅವ್ವ ನಕ್ಕಳು. "ನಿಮ್ಮ ಸೊಸೀನ್ನ ಮಷಿನ್ ಮಾಡ್ಯಾನ್ರಿ ನಿಮ್ಮ ಮಗಾ!"

ವೈನಿಯೇ ಏಕೆಂದರೆ, ಅವರು ಮಾವನ ಎದುರಿಗೆ ಬರುವವರಲ್ಲ, ಮಾತಾಡುವವರೂ ಅಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅಪ್ಪ ಅವರ ದನಿ ಕೇಳಿರಲಿಲ್ಲ. ಯಂತ್ರ ಕಣ್ಣಿಗೆ ಬೀಳಬಾರದು, ಉತ್ತರ ಮಾತ್ರ ಬರಬೇಕು ಎಂಬುದು ನನ್ನ ಆಸೆ. ಕವಡೆ ಹೇಗೆ ಬಿದ್ದರೆ ಎಲ್ಲಿ ಎಷ್ಟು ಓಟು ಎಂಬ ನಿಯಮಗಳ ಹಾಳೆಯನ್ನು ಅಡುಗೆಮನೆಯ ಕದದ ಒಳಮೈಗೆ ಅಂಟಿಸಿದೆ. ಚೀಟಿ ಹೊಸ್ತಿಲ ಮೇಲೆ ಇಟ್ಟರೆ ಒಳಗಿನಿಂದ ಒಂದು ಕೈ ಬಂದು ಎತ್ತಿಕೊಳ್ಳುತ್ತಿತ್ತು. ಆಮೇಲೆ ರೊಟ್ಟಿ ಬಡಿಯುವ ಸಪ್ಪಳ. "ತಡೀರಿ, ಮಷಿನ್ ನಡದೈತಿ" ಎನ್ನುತ್ತಿದ್ದೆ. ಸಪ್ಪಳ ನಿಂತು ಕವಡೆ ಉರುಳಿದರೆ ಉತ್ತರ ಬಂತೆಂದು ಅರ್ಥ. ಚೀಟಿಗೆ ಜೋಳದ ಹಿಟ್ಟು ಮೆತ್ತಿರುತ್ತಿತ್ತು.

ವೈನಿಯ ತವರು ಮುದ್ದೇಬಿಹಾಳ. ಆ ಊರಿನ ಮೇಲೆ ಅಪ್ಪನಿಗೆ ಸಿಟ್ಟು. ಮದುವೆಗೆಂದು ನಮ್ಮ ದಿಬ್ಬಣ ಅಲ್ಲಿ ಇಳಿದಾಗ ಎದುರುಗೊಳ್ಳಲು ಯಾರೂ ಬಂದಿರಲಿಲ್ಲ. ಬಾಜಾದವರು ತಡಮಾಡಿದ್ದರಂತೆ. ಅಪ್ಪ ಜರಿ ರುಮಾಲು ಸುತ್ತಿಕೊಂಡು, ಉರಿಬಿಸಿಲಲ್ಲಿ, ನೆರಳು ಸಾಲದ ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತದ್ದನ್ನು ನಾನೂ ನೋಡಿದ್ದೇನೆ. ಅಂದಿನಿಂದ ಅವರು ಅತ್ತ ಕಾಲಿಡಲಿಲ್ಲ, ವೈನಿಯನ್ನು ಕಳಿಸಲೂ ಇಲ್ಲ. ಹಿಂದಿನ ವರ್ಷ ನಾಗರ ಪಂಚಮಿಗೆ ಕರೆಯಲು ಬಂದ ವೈನಿಯ ಅಣ್ಣನಿಗೆ ಚಹಾ ಕುಡಿಸಿ ಬರಿಗೈಯಲ್ಲಿ ತಿರುಗಿ ಕಳಿಸಿದ್ದರು. ಹೊಸ ಸೊಸೆ ಪಂಚಮಿಗೆ ತವರಿಗೆ ಹೋಗದಿದ್ದರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ. ಈ ವರ್ಷದ ಪಂಚಮಿಯೂ ಹತ್ತಿರ ಬರುತ್ತಿತ್ತು. ಯಾರೂ ಕರೆಯಲು ಬಂದಿರಲಿಲ್ಲ. ನನ್ನ ಅಣ್ಣ ಝಳಕಿ ಊರಲ್ಲಿ ಮಾಸ್ತರ, ಅಪ್ಪನ ಎದುರು ಅವನ ಬಾಯಿಯೂ ಏಳುತ್ತಿರಲಿಲ್ಲ. ವೈನಿ ಕೇಳುವ ಮಾತೇ ಇರಲಿಲ್ಲ.

ಆಟದಲ್ಲಿಯೂ ಅಪ್ಪ ಮುದ್ದೇಬಿಹಾಳಕ್ಕೆ ಹೋಗಲಿಲ್ಲ. ಅವರ ಗುರುತು ಒಂದು ಅಡಕೆ, ನನ್ನದು ಹುಣಸೆ ಬೀಜ. ಅಡಕೆ ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಬಾಗೇವಾಡಿಗೆ ಓಡಾಡಿತು. ಮುದ್ದೇಬಿಹಾಳದ ಮನೆಯನ್ನು ಮುಟ್ಟಲಿಲ್ಲ. ಮೊದಲ ಆಟ ಸೋತರು. ಎರಡನೆಯದನ್ನೂ ಸೋತರು. ಪ್ರತಿ ಸಲವೂ ಅವರನ್ನು ಕೆಡವಿದ್ದು ಮುದ್ದೇಬಿಹಾಳವೇ.

"ನಿನ್ನ ಮಷಿನ್ ಕೆಟ್ಟೈತಿ" ಎಂದರು ಅಪ್ಪ.

ನನಗೂ ಅನುಮಾನ ಬಂತು. ಹೋಗದ ಊರಲ್ಲಿ ಓಟು ಸ್ವಲ್ಪ ಇಳಿಯಬೇಕು ಎಂದು ನಾನೇ ಬರೆದಿದ್ದೆ. ಆದರೆ ಹೀಗೆ ದಬದಬ ಬೀಳಬೇಕೆಂದು ಬರೆದಿರಲಿಲ್ಲ. ಅಪ್ಪ ಅಂಗಡಿಗೆ ಹೋದ ಮೇಲೆ ಅಡುಗೆಮನೆಗೆ ಹೋಗಿ ಕೇಳಿದೆ.

"ವೈನಿ, ಲೆಕ್ಕ ಎಲ್ಲೋ ತಪ್ಪೈತಿ ಕಾಣತೈತ್ರಿ."

"ತಪ್ಪಿಲ್ಲ ತಮ್ಮಾ. ಒಂದ ಲೆಕ್ಕ ನಾ ಕೂಡಿಸೇನಿ."

"ಯಾವುದು?"

"ನೀ ಹಾಳ್ಯಾಗ ರಸ್ತಾ ಬರದೀದಿ, ಬಸ್ಸು ಬರದೀದಿ. ಬೀಗತನ ಎಲ್ಲಿ ಬರದೀದಿ? ಬೀಗರ ಊರಿಗಿ ಕಾಲಿಡದವರಿಗಿ ಆ ಊರಾಗ ಯಾರ್ ಓಟ್ ಹಾಕ್ತಾರ? ನಮ್ಮ ಓಣ್ಯಾಗಂತೂ ಒಬ್ಬರೂ ಹಾಕೂದಿಲ್ಲ ನೋಡು." ನಗುತ್ತಲೇ ಹೇಳಿದರು. ಕೈ ಮಾತ್ರ ಹಿಟ್ಟು ನಾದುವುದನ್ನು ಬಿಡಲಿಲ್ಲ.

ನಾನು ವಾದಿಸಲಿಲ್ಲ. ವಾದಿಸಿದ್ದರೆ ನನಗೆ ನೆನಪಿರುತ್ತಿತ್ತು, ಏಕೆಂದರೆ ಆ ವಯಸ್ಸಿನಲ್ಲಿ ನಾನು ವಾದಿಸದೆ ಬಿಟ್ಟ ವಿಷಯಗಳು ಬಹಳ ಕಡಿಮೆ. ನಿಯಮ ಆಡುವವರಿಗೆ ಗೊತ್ತಿರಬೇಕಲ್ಲ ಎಂದಷ್ಟೇ ಹೇಳಿದೆ. "ಕೇಳಿದರ ಹೇಳ್ತೇನಿ" ಎಂದರು. ಆಟದಲ್ಲಿ ಅದಕ್ಕೂ ದಾರಿಯಿತ್ತು. ಊರಾಡುವ ಬದಲು ಉಮೇದುವಾರನು ಒಂದು ವಾರ ಮನೆಯಲ್ಲೇ ಉಳಿದರೆ, ಯಂತ್ರವನ್ನು ಒಂದು ಪ್ರಶ್ನೆ ಕೇಳಬಹುದು.

ಮೂರನೆಯ ಆಟದ ನಡುವೆ ಅಪ್ಪ ಹಾಗೆಯೇ ಮಾಡಿದರು. ಚೀಟಿ ಬರೆದು ತಾವೇ ಹೊಸ್ತಿಲ ತನಕ ಹೋಗಿ ಇಟ್ಟರು. 'ಮುದ್ದೇಬಿಹಾಳದಾಗ ಯಾಕ ಸೋಲ್ತೇನಿ?'

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕವಡೆ ಉರುಳಲಿಲ್ಲ. ಕೈ ಬಂದು ಚೀಟಿ ಒಯ್ದಿತು, ತುಸು ಹೊತ್ತಿನಲ್ಲಿ ತಿರುಗಿ ಇಟ್ಟಿತು. ಅಪ್ಪ ಕನ್ನಡಕ ಏರಿಸಿ ಓದಿದರು. ನಾನು ಭುಜದ ಮೇಲಿಂದ ಇಣುಕಿದೆ. 'ಬೀಗರ ಮನಿಗಿ ಹೋಗಿಲ್ಲರಿ' ಎಂದಿತ್ತು.

ಅವ್ವನ ಕೈಯಲ್ಲಿನ ಮೊರ ಅಲ್ಲೇ ನಿಂತಿತು. ಆಟ ಇಲ್ಲಿಗೆ ಮುಗಿಯಿತು, ಇನ್ನು ನನಗೆ ಬೈಗುಳ, ವೈನಿಗೆ ತವರಿಲ್ಲದ ಇನ್ನೊಂದು ವರ್ಷ ಎಂದುಕೊಂಡೆ.

ಅಪ್ಪ ಅಡುಗೆಮನೆಯ ಕದದ ಕಡೆ ನೋಡುತ್ತ, ಕಟ್ಟೆಯ ಮೇಲೆ ವಾದ ಹೂಡುವ ದನಿಯಲ್ಲಿಯೇ ಅಂದರು: "ಎದುರುಗೊಳ್ಳಾಕ ಒಬ್ಬನರ ಬಂದಿದ್ದನ? ಬಿಸಲಾಗ ನಿಂದರಿಸಿದರು ನಮ್ಮನ್ನ!"

ಒಳಗಿನಿಂದ ಉತ್ತರ ಬಂತು: "ಮಷಿನ್‌ಗ ಅದು ತಿಳಿಯೂದಿಲ್ಲರಿ. ಓಟು ಬಿದ್ದದ್ದು ಬೀಳದ್ದು ಅಷ್ಟೇ ತಿಳೀತೈತಿ."

ಈ ಉತ್ತರವೂ ಚೀಟಿಯಲ್ಲಿಯೇ ಬಂದಿತ್ತೆಂದು ನಾನು ಎಷ್ಟೋ ವರ್ಷ ನಂಬಿದ್ದೆ. ಹಿಟ್ಟು ಮೆತ್ತಿದ ಅಕ್ಷರಗಳು ಈಗಲೂ ಕಣ್ಣ ಮುಂದಿವೆ. ಈಚೆಗೆ ವೈನಿಯನ್ನು ಕೇಳಿದರೆ ಅವರು ತಲೆಯಾಡಿಸಿದರು. "ಎಲ್ಲಿ ಚೀಟಿ ತಮ್ಮಾ? ಎರಡನೇದಕ ನಾ ಬಾಯಿ ಬಿಟ್ಟೇ ಅಂದೆ. ಅಂದ ಮ್ಯಾಲ ನೋಡಿದರ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತ್ತು." ಸಂಖ್ಯಾಶಾಸ್ತ್ರ ಓದಿ, ಸಂದೇಹಪಡುವುದನ್ನು ದುಡ್ಡು ಕೊಟ್ಟು ಕಲಿತವನು ನಾನು. ಕಣ್ಣಿಗೆ ಕಟ್ಟಿದಂತಿರುವ ನೆನಪು ನಿಜವೇ ಆಗಿರಬೇಕೆಂದಿಲ್ಲ ಎಂದು ನನಗೆ ಗೊತ್ತು. ಚೀಟಿಯನ್ನು ನಾನೇ ಆಮೇಲೆ ಕಟ್ಟಿಕೊಂಡಿರಬೇಕು. ಹೊತ್ತಿದ ರೊಟ್ಟಿ ಅವರದು, ಅವರ ಮಾತನ್ನೇ ಒಪ್ಪುತ್ತೇನೆ. ಹಾಗಾದರೆ ಮಾವ ಸೊಸೆಯ ದನಿ ಮೊದಲು ಕೇಳಿದ್ದು ಅವತ್ತೇ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗೆ ತಡೆಯಲಾಗಲಿಲ್ಲ. "ಕೇಳಿದ್ರ್ಯಾ? ಬಿಸಲಿಗಿ ಓಟ್ ಬೀಳೂದಿಲ್ಲಂತ!"

ಅಪ್ಪ ನಗಲಿಲ್ಲ. ಸಿಟ್ಟಾಗಲೂ ಇಲ್ಲ. ನೆಲದ ಮೇಲಿನ ಅಡಕೆ ಎತ್ತಿ ಮುದ್ದೇಬಿಹಾಳದಲ್ಲಿ ಇಟ್ಟು, "ಕವಡಿ ಒಗೀ ಅನ್ನು ನಿನ್ನ ಮಷಿನ್‌ಗ" ಎಂದರು. ಕವಡೆ ಉರುಳಿದವು. ಮುದ್ದೇಬಿಹಾಳ ಅವರದಾಯಿತು. ಅದೇ ಗದ್ದಲದಲ್ಲಿ ಇಂಡಿ ಕೈಬಿಟ್ಟು ಆಟ ಮತ್ತೆ ಸೋತರು. ಸೋತದ್ದಕ್ಕೆ ಈ ಸಲ ಅವರು ಮಷಿನನ್ನು ಬಯ್ಯಲಿಲ್ಲ.

ಪಂಚಮಿಗೆ ಮುಂಚೆ ಒಂದು ಬೆಳಿಗ್ಗೆ ನೋಡಿದರೆ, ಅಪ್ಪ ಟ್ರಂಕಿನಿಂದ ಅದೇ ಜರಿ ರುಮಾಲು ತೆಗೆದು ಸುತ್ತಿಕೊಳ್ಳುತ್ತಿದ್ದರು.

"ಎಲ್ಲಿಗಿರಿ?" ಎಂದಳು ಅವ್ವ.

"ಪ್ರಚಾರಕ್ಕ. ನಿನ್ನ ಸೊಸಿಗಿ ಹೇಳು, ಲಗೂ ತಯಾರಾಗಂತ. ಬಸ್ಸು ನಿಂದರೂದಿಲ್ಲ."

ವೈನಿ ಹಸಿರು ಇಳಕಲ್ಲ ಸೀರೆ ಉಟ್ಟು, ಅಪ್ಪನ ಹಿಂದೆ ತುಸು ದೂರದಲ್ಲಿ ನಡೆದು ಹೋದರು. ಸೀರೆ ಹಸಿರೋ ಅಲ್ಲವೋ, ಅದನ್ನು ನಾನು ಯಾರನ್ನೂ ಕೇಳಿಲ್ಲ. ಹಸಿರೇ ಇರಲಿ.

ಮುಂದೆ ನಿಜವಾದ ಕಂಪ್ಯೂಟರಿನ ಮೇಲೆ ಇಂಥ ಆಟಗಳನ್ನು ಬಹಳ ಆಡಿದ್ದೇನೆ. ಬಣ್ಣದ ನಕ್ಷೆ, ಜಾಹೀರಾತು, ಸಮೀಕ್ಷೆ ಎಲ್ಲವೂ ಅವುಗಳಲ್ಲಿವೆ, ಚೆನ್ನಾಗಿಯೇ ಇವೆ. ನನ್ನ ಆಟ ಅವುಗಳ ಹತ್ತಿರಕ್ಕೂ ಬರುವಂಥದ್ದಲ್ಲ. ಅದು ನಡೆದದ್ದು ಒಬ್ಬರು ಬೀಗತನವನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ, ಇನ್ನೊಬ್ಬರು ಯಂತ್ರದ ಮಾತಿಗೆ ಬೆಲೆ ಕೊಟ್ಟು ಬಿಸಿಲನ್ನು ಮರೆತದ್ದರಿಂದ. ಇಬ್ಬರಿಗೂ ನಾನು ಋಣಿ. ಅಪ್ಪನಿಗೆ ಅದನ್ನು ಹೇಳುವುದಾಗಲಿಲ್ಲ. ವೈನಿಗೆ ಹೇಳಿದೆ. "ಹುಚ್ಚ ಅದೀ" ಎಂದರು.

ಅವತ್ತು ಅಪ್ಪ ಮುದ್ದೇಬಿಹಾಳದಿಂದ ತಿರುಗಿ ಬಂದದ್ದು ಸಂಜೆಯ ಬಸ್ಸಿಗೆ. ಕೈಯಲ್ಲಿ ಶೇಂಗಾ ಉಂಡಿ, ಎಳ್ಳು ಉಂಡಿಯ ಗಂಟು. ತಾವು ಮೊದಲೇ ಹಾಕಿದ್ದ ಕಾಗದ ನೋಡಿ ಬೀಗರು ಬಸ್ ಸ್ಟ್ಯಾಂಡಿಗೇ ಬಂದು ಎದುರುಗೊಂಡರೆಂದು ಅವ್ವನಿಗೆ ನಾಲ್ಕು ಸಲ ಹೇಳಿರಬೇಕು. ಬಾಜಾ ಇತ್ತೇನು ಎಂದು ಅವಳು ಕೇಳಿದ್ದಕ್ಕೆ ರುಮಾಲು ಬಿಚ್ಚಿ ಟ್ರಂಕಿಗೆ ಹಾಕಿದರು.

ಮರುದಿನ ಸುಣ್ಣದ ಮನೆಗಳ ಹತ್ತಿರ ಬಂದು ಕೂತು ಅಡಕೆ ಕೈಯಲ್ಲಿ ಹಿಡಿದರು. "ಹಚ್ಚೋ ಆಟ. ಈಗ ಮುದ್ದೇಬಿಹಾಳ ಪಕ್ಕಾ ನಂದ."

"ಹ್ಯಾಂಗ ಹಚ್ಚಲಿ?" ಎಂದೆ. "ಕಂಪ್ಯೂಟರ್ ತವರಿಗಿ ಹೋಗೈತಿ."

ಅಪ್ಪ ಒಮ್ಮೆ ಅಡುಗೆಮನೆಯ ಕದ ನೋಡಿದರು. "ಹೋಗಲಿ ಬಿಡು. ಉಂಡಿ ತಿನ್ನು" ಎಂದರು.