ತಟ್ಟೆ ಎಡಕ್ಕೇ ಯಾಕೆ ಹೊರಳುತ್ತದೆ?

ಯಾವ ವಸ್ತುವಾಗಲಿ, ಬಿಚ್ಚಿ ನೋಡದ ಹೊರತು ಮೆಹರುಬಿಗೆ ಸಮಾಧಾನವಿಲ್ಲ. ಕೊಗನೊಳ್ಳಿಯ ತವರಿನಲ್ಲಿದ್ದಾಗ ಹೆದ್ದಾರಿಯ ಪಕ್ಕ ನಿಂತ ಲಾರಿಗಳ ಡ್ರೈವರುಗಳನ್ನು ಒಳಗೇನಿದೆ, ಎಲ್ಲಿಗೆ ಒಯ್ಯುತ್ತೀರಿ ಎಂದು ಕಾಡುತ್ತಿದ್ದಳು. ಮದುವೆಯಾಗಿ ಕಾಗವಾಡಕ್ಕೆ ಬಂದ ಮೇಲೆ ಮನೆಯ ಮುಂದಿನ ಹಿಟ್ಟಿನ ಗಿರಣಿ ಅವಳ ಪಾಲಿಗೆ ಬಂತು. ಅದು ಮೊದಲ ಸಲ ಕೆಟ್ಟಾಗ, ಮಿರಜದಿಂದ ಮೇಸ್ತ್ರಿ ಬರುವಷ್ಟರಲ್ಲಿ ಅರ್ಧ ಬಿಚ್ಚಿಹಾಕಿ ಕುಳಿತಿದ್ದಳು. ಮರಳಿ ಜೋಡಿಸಲು ಬಾರದೆ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಂಡಳು. ಎರಡನೆಯ ಸಲ ಕೆಟ್ಟಾಗ ಅವನನ್ನು ಕರೆಸುವ ಪ್ರಸಂಗ ಬರಲಿಲ್ಲ.

ಗಂಡ ಮಲಿಕಸಾಬನದು ವೆಲ್ಡಿಂಗ್ ಅಂಗಡಿ. ಹೋದ ವರ್ಷ ಮಳೆ ನಿಂತ ಮೇಲೆ ಅವನಿಗೊಂದು ವಿಚಿತ್ರ ಕೆಲಸ ಬಂತು. ಆಳೆತ್ತರದ ಕಂಬ, ಅದರ ತುದಿಗೆ ಉಂಗುರ, ಉಂಗುರದಿಂದ ಇಳಿಬಿದ್ದ ಸರಪಳಿಗಳು, ಕೆಳಗೆ ಸೊಂಟದ ಮಟ್ಟಕ್ಕೆ ಕಬ್ಬಿಣದ ಬುಟ್ಟಿ. ಅಂಥವು ಆರು ಬೇಕು. ಊರಾಚೆಯ ಶಾಲೆಯ ಆಟದ ಮಾಸ್ತರ ಶೀತಲ ಮೊಬೈಲಿನಲ್ಲಿ ಚಿತ್ರ ತೋರಿಸಿ ಹೇಳಿಹೋಗಿದ್ದ. ಮೆಹರುಬಿ ಗಂಡನನ್ನು ಕೇಳಿದಳು. ಏನೋ ಆಟವಂತೆ, ಎಂದನವನು. ಯಾವ ಆಟ, ಸರಪಳಿ ಯಾಕೆ, ಬುಟ್ಟಿಯಲ್ಲಿ ಬೀಳುವುದಾದರೂ ಏನು? ಅವನಿಗೆ ಗೊತ್ತಿರಲಿಲ್ಲ. ಕಂಬ ನಿಲ್ಲಿಸುವ ದಿನ ಅವಳು ಗಿರಣಿಗೆ ಬೀಗ ಹಾಕಿ ತಾನೂ ಟೆಂಪೋ ಹತ್ತಿದಳು.

ಶಾಲೆಯ ಹಿಂದೆ ಬೇವು, ಜಾಲಿ ಬೆಳೆದ ಬರಡು ಮಡ್ಡಿ. ಕಂಬಗಳು ನಿಂತ ಮೇಲೆ ಶೀತಲ ಚೀಲದಿಂದ ಬಣ್ಣಬಣ್ಣದ ಪ್ಲಾಸ್ಟಿಕ್ ತಟ್ಟೆಗಳನ್ನು ತೆಗೆದ. ಡಿಸ್ಕ್ ಗಾಲ್ಫ್ ಅಂತ ಹೆಸರು, ಪುಣೆಯಲ್ಲಿ ನೋಡಿ ಬಂದೆ ಎಂದ. ಒಂದು ಕಲ್ಲಿನ ಹತ್ತಿರ ನಿಂತು ತಟ್ಟೆಯನ್ನು ಬುಟ್ಟಿಯ ಕಡೆ ಬೀಸಬೇಕು. ಅದು ಬಿದ್ದಲ್ಲಿಂದ ಮತ್ತೆ ಬೀಸಬೇಕು. ಸರಪಳಿಗೆ ತಾಗಿ ಬುಟ್ಟಿಗೆ ಬಿದ್ದರೆ ಮುಗಿಯಿತು. ಕಡಿಮೆ ಸಲ ಬೀಸಿದವರು ಗೆದ್ದಂತೆ. ಓಡುವುದಿಲ್ಲ, ಬೀಳುವುದಿಲ್ಲ, ಯಾರು ಬೇಕಾದರೂ ಆಡಬಹುದು.

“ಸರ, ನಾನೊಂದ ಸಲಾ ಒಗದ ನೋಡ್ಲಿ?” ಎಂದಳು ಮೆಹರುಬಿ.

ಸೆರಗು ಸೊಂಟಕ್ಕೆ ಸಿಗಿಸಿ, ಮುಸುರೆ ಚೆಲ್ಲುವ ಹಾಗೆ ಒಗೆದಳು. ತಟ್ಟೆ ನೆಲಕ್ಕೆ ಬಿದ್ದು, ಅಂಚಿನ ಮೇಲೆ ನಿಂತು, ಉರುಳುತ್ತ ಟೆಂಪೋದ ಅಡಿಗೆ ಹೋಯಿತು. ಮಲಿಕಸಾಬ ನಕ್ಕ. ಶೀತಲ ಕಲಿಸಿಕೊಟ್ಟ: ಮಟ್ಟವಾಗಿ ಹಿಡಿಯಿರಿ, ಎದೆಯ ಹತ್ತಿರದಿಂದ ಎಳೆದು ಮಣಿಕಟ್ಟಿನಿಂದ ಬಿಡಿ. ಬಹಳ ಹೊತ್ತಿನ ಮೇಲೆ ಸರಪಳಿ ಝಲ್ಲೆಂದಿತು. ಆಗ ಅವಳಿಗೆ ಸರಪಳಿ ಯಾಕೆಂದು ತಿಳಿಯಿತು. ವೇಗವಾಗಿ ಬಂದ ತಟ್ಟೆಯನ್ನು ಅದು ಹಿಡಿದು ಕೆಳಗಿಳಿಸುತ್ತಿತ್ತು.

ಅಂದಿನಿಂದ ರವಿವಾರ ಬೆಳಗಾದರೆ ಮೆಹರುಬಿ ಮಡ್ಡಿಯ ಮೇಲೆ. ಆಡುತ್ತ ಆಡುತ್ತ ಅವಳಿಗೊಂದು ಪ್ರಶ್ನೆ ಹತ್ತಿಕೊಂಡಿತು. ತಟ್ಟೆ ನೆಟ್ಟಗೆ ಹೋಗುತ್ತದೆ. ವೇಗ ಇಳಿದೊಡನೆ ಎಡಕ್ಕೆ ಹೊರಳುತ್ತದೆ. ಅವಳದಷ್ಟೇ ಅಲ್ಲ, ಆಡಲು ಬರುವ ಎಲ್ಲರದೂ. ಅದು ತಿರುಗುವ ರೀತಿ ಹಾಗಿದೆ ಎಂದ ಶೀತಲ. ಅವಳಿಗೆ ತಿಳಿಯಲಿಲ್ಲ. ಮನೆಯ ಮಾಳಿಗೆಯ ಮೇಲೆ ಡಬ್ಬಿಯ ಮುಚ್ಚಳ ಬೀಸಿ ನೋಡಿದಳು. ಅದೂ ಎಡಕ್ಕೇ.

ಐದನೆಯ ಬುಟ್ಟಿಯ ಎಡಕ್ಕೆ ಶ್ರೀಪಾಲನ ದ್ರಾಕ್ಷಿ ತೋಟ. ಕಾಯಿ ನೀರು ತುಂಬಿಕೊಳ್ಳುವ ಹೊತ್ತಿಗೆ ಒಂದು ಬೆಳಗ್ಗೆ ಆ ಎಪ್ಪತ್ತರ ಮುದುಕ ಬಕೆಟ್ಟಿನ ತುಂಬ ತಟ್ಟೆಗಳನ್ನು ಹಿಡಿದು ಬಂದ.

“ಗೊನಿಗೋಳು ಉದುರಾಕತ್ತಾವ್ರಿ ಮಾಸ್ತರ. ಈ ಕಂಬಾ ಕಿತ್ತ ಬಿಡ್ರಿ,” ಎಂದ.

ಶೀತಲ ತಪ್ಪಾಯಿತೆಂದು ಒಪ್ಪಿಕೊಂಡು ಕೀಳಿಸುತ್ತೇನೆ ಎಂದ. ಮೆಹರುಬಿ ಮಾತ್ರ ಮುದುಕನ ಹತ್ತಿರ ಹೋಗಿ, ಒಂದು ತಟ್ಟೆಯೂ ಬಲಕ್ಕೆ ಹೋಗದ್ದನ್ನು ನೋಡಿದ್ದೀರಾ ಎಂದು ಕೇಳಿದಳು.

ಶ್ರೀಪಾಲ ಬಕೆಟ್ಟು ಕೆಳಗಿಟ್ಟ. “ನಾನೂ ಅದನ್ನ ಕೇಳಬೇಕಂತಿದ್ದೆ, ತಂಗಿ. ತ್ವಾಟದಾಗ ಕುಂತ ದಿನಾ ನೋಡ್ತೀನಿ. ಎಲ್ಲಾ ನನ್ನ ಕಡೀನ ಯಾಕ ಬರ್ತಾವ?”

ಮೆಹರುಬಿ ಬುಟ್ಟಿಯ ಹತ್ತಿರ ನಿಂತು ಬೀಸುವ ಕಲ್ಲಿನ ಕಡೆ ಮುಖ ಮಾಡಿದಳು. ಈಗ ಎಡಕ್ಕೆ ಬಯಲು, ಬಲಕ್ಕೆ ದ್ರಾಕ್ಷಿ. ಇಲ್ಲಿಂದ ಅಲ್ಲಿಗೆ ಬೀಸಿದರೆ ಹೇಗೆ ಎಂದಳು. ಶೀತಲ ಬೀಸಿದ; ತಟ್ಟೆ ಹೊರಳಿ ಬಯಲಿಗೆ ಬಿತ್ತು. ಅವಳು ಬೀಸಿದಳು, ಅದೂ ಬಯಲಿಗೇ. ಕಂಬವನ್ನು ಕಲ್ಲಿದ್ದಲ್ಲಿಗೆ, ಕಲ್ಲನ್ನು ಕಂಬವಿದ್ದಲ್ಲಿಗೆ ಬದಲಿಸುವುದೆಂದು ಮಾತಾಯಿತು.

ಮುದುಕ ಹೋಗದೆ ನಿಂತೇ ಇದ್ದ. ಮೆಹರುಬಿ ಅವನ ಕೈಗೊಂದು ತಟ್ಟೆ ಕೊಟ್ಟಳು. ಧೋತರಕ್ಕೆ ಕೈ ಒರೆಸಿಕೊಂಡು, ನೋಡಿ ಕಲಿತವನಂತೆ ಚೆನ್ನಾಗಿಯೇ ಬೀಸಿದ. ತಟ್ಟೆ ನೆಟ್ಟಗೆ ಹೋಯಿತು, ನಿಧಾನವಾಯಿತು, ಬಲಕ್ಕೆ ಹೊರಳಿ ಅವನದೇ ತೋಟದೊಳಗೆ ಹೊಕ್ಕಿತು.

ಶೀತಲ ನಗು ತಡೆದುಕೊಂಡ. ಮೆಹರುಬಿ ಮುದುಕನ ಕೈಯನ್ನೇ ನೋಡುತ್ತಿದ್ದಳು.

“ಕಾಕಾ, ನೀವು ಎಡಗೈಯವರೇನ್ರಿ?”

“ಹೂಂ. ಊಟಾ ಅಷ್ಟ ಬಲಗೈಲೆ.”

ಅವಳು ತಾನೂ ಎಡಗೈಯಿಂದ ಬೀಸಿದಳು. ಸೊಟ್ಟಪಟ್ಟ ಬೀಸಾದರೂ ತಟ್ಟೆ ಬಲಕ್ಕೇ ವಾಲಿತು. ಗಾಳಿಯಲ್ಲ, ಮಡ್ಡಿಯ ಇಳಿಜಾರೂ ಅಲ್ಲ; ಯಾವ ಕೈ ಯಾವ ಕಡೆಗೆ ತಿರುವಿ ಬಿಡುತ್ತದೋ ಅದರಂತೆ ಹೊರಳುವುದು. ಶೀತಲ ಹೇಳಿದ್ದ ‘ತಿರುಗುವ ರೀತಿ’ ಅವಳ ಕಣ್ಣಿಗೆ ಈಗ ಬಿತ್ತು.

ಮರುವಾರ ಮಲಿಕಸಾಬ ಬಂದು ಕಂಬ ಬದಲಿಸಿದ. ಶ್ರೀಪಾಲನೂ ಈಗ ರವಿವಾರ ತಪ್ಪಿಸುವುದಿಲ್ಲ. ಐದನೆಯ ಬುಟ್ಟಿಗೆ ಬಂದಾಗ ಅವನ ತಟ್ಟೆಯೊಂದೇ ದ್ರಾಕ್ಷಿಗೆ ಹೋಗುತ್ತದೆ. ತಾನೇ ಬೇಲಿಯ ತಂತಿ ಸರಿಸಿ ನುಗ್ಗಿ ತರುತ್ತಾನೆ. ಅದೇ ಕೈಯಿಂದ ಇನ್ನೊಂದು ಕಡೆಗೂ ಹೊರಳಿಸುವ ಬೀಸು ಒಂದಿದೆಯೆಂದು ಶೀತಲ ಬಾಯಿ ತಪ್ಪಿ ಹೇಳಿದ್ದಾನೆ. ಮೆಹರುಬಿ, ಮುದುಕ ಇಬ್ಬರೂ ಅದರ ಬೆನ್ನು ಹತ್ತಿದ್ದಾರೆ. ಇನ್ನೂ ಇಬ್ಬರಿಗೂ ಬಂದಿಲ್ಲ.